ಮೂವತ್ತನಾಲ್ಕು ಸೆಂಟಿಮೀಟರ್

"ನನ್ನ ಸೇತುವೆ ಮುಚ್ಚಿಸಿದ್ದು ನೀವೇನಾ?"

ಕೆಸರು ಮೆತ್ತಿದ ಬೂಟಿನಲ್ಲೇ ಭೂಕಂಪ ಮಾಪನ ಕೇಂದ್ರದೊಳಗೆ ನುಗ್ಗಿದವನ ಮಾತು ಕೇಳಿಯೇ ಅವಳಿಗೆ ಗುರುತು ಸಿಕ್ಕಿತು. ಸೇತುವೆ ಎಂಜಿನಿಯರ್! ಒಂದು ವರ್ಷದಿಂದ ಫೋನಿನಲ್ಲಷ್ಟೇ ಕೇಳಿದ್ದ ದನಿ. ಆ ಫೋನಿಗಾಗಿ ತಾನು ಕಾಯುತ್ತಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಭೂಕಂಪವಾಗಿ ಎರಡು ದಿನವಾಗಿತ್ತು. ಅಲುಗಾಟದ ದಾಖಲೆಯಿಂದ ನೆಲ ಶಾಶ್ವತವಾಗಿ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ.

"ಆಚೆ ದಡದ ಕಂಬ ಮೂವತ್ತನಾಲ್ಕು ಸೆಂಟಿಮೀಟರ್ ಸರಿದಿದೆ ಸರ್. ಇಪ್ಪತ್ತು ದಾಟಿದ್ರೆ ತೊಲೆ ಯಾವಾಗ ಬೇಕಾದ್ರೂ ಜಾರುತ್ತೆ ಅಂತ ನೀವೇ ಬರ್ಕೊಟ್ಟಿದ್ದೀರಿ."

"ಆಸ್ಪತ್ರೆ ಇರೋದು ಆಚೆ ದಡದಲ್ಲಿ ಮೇಡಂ! ತುಂಬು ಬಸುರಿ ನನ್ನ ತಂಗಿ ಈಚೆ ಕಾಯ್ತಿದ್ದಾಳೆ. ಇನ್ನೊಂದ್ಸಲ ನೋಡಿ... ದಮ್ಮಯ್ಯ."

ಅವನ ದನಿ ಒಡೆಯಿತು. ಅವಳು ಕರಗಿಹೋದಳು.

ಕಂಬದ ಬುಡದಲ್ಲಿಟ್ಟ ಕಂಪನಮಾಪಕ ಯಂತ್ರ ಬರೆದಿಡುವುದು ನೆಲದ ವೇಗ ಬದಲಾದ ಬಗೆಯನ್ನು ಮಾತ್ರ. ಅದನ್ನು ಎರಡು ಸಲ ಕೂಡಿಸುತ್ತ ಹೋದರೆ ಸರಿದ ದೂರ ಸಿಗುತ್ತದೆ. ಸೊನ್ನೆ ಗೆರೆ ಕೂದಲೆಳೆಯಷ್ಟು ವಾಲಿದ್ದರೂ ಉತ್ತರ ಎಲ್ಲಿಗೋ ಹೋಗುತ್ತದೆ. ಆ ಗೆರೆಯನ್ನು ಯಾವ ಕ್ಷಣದಿಂದ ತಿದ್ದಬೇಕೆಂಬುದು ಅವಳ ವಿವೇಚನೆಗೆ ಬಿಟ್ಟದ್ದು. ಆ ಕ್ಷಣವನ್ನು ನಾಲ್ಕು ಸೆಕೆಂಡ್ ಹಿಂದಕ್ಕೆ ಸರಿಸಿದಳು.

"ಹನ್ನೆರಡು... ಇರಬಹುದು."

ಅವನ ಮುಖ ಅರಳಿತು. "ತೊಲೆ ಕೆಳಗಿಳಿದು ನಾನೇ ನೋಡಿ, ಸಂಜೆಯೊಳಗೆ ತೆರೀತೀನಿ!"

ಅವನು ಹೋದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. 'ಆ ನಗು ನೋಡೋಕೆ ಅಂತಲೇ ಅಂಕಿ ಇಳಿಸಿದೆನಾ?'

ಮೊದಲ ಸಲ ಕೂಡಿಸಿದಾಗ ಸಿಗುವ ವೇಗದ ಗೆರೆಯನ್ನು ತೆರೆದಳು. ಅಲುಗಾಟ ನಿಂತ ಮೇಲೆ ಅದು ಸೊನ್ನೆಗೆ ಬರಬೇಕು. ಹೊಸ ಲೆಕ್ಕದಲ್ಲಿ ಬಂದಿರಲಿಲ್ಲ! ಹಳೆಯದರಲ್ಲಿ ನೇರವಾಗಿ ಸೊನ್ನೆಯಲ್ಲೇ ನಿಂತಿತ್ತು.

ಮೂವತ್ತನಾಲ್ಕೇ ಸರಿ!

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ... ಮತ್ತೆ... ಅಷ್ಟರಲ್ಲಿ ಕುರ್ಚಿ ನಡುಗಿತು. ಮರುಕಂಪನ!

"ಅಯ್ಯೋ! ಅವರು ತೊಲೆ ಕೆಳಗಿದ್ದಾರೆ!"

ಅವಳ ಸ್ಕೂಟರ್ ನದಿಯ ದಡ ಮುಟ್ಟಿದಾಗ ಧೂಳು ಇನ್ನೂ ಇಳಿದಿರಲಿಲ್ಲ. ತೊಲೆಯ ಒಂದು ತುದಿ ಕಂಬದಿಂದ ಕಳಚಿ ನೀರಿಗೆ ಬಾಗಿತ್ತು. ಅವಳು ಅದರತ್ತ ಓಡಿದಳು.

"ಸರ್!"

"ಮೇಡಂ, ನಿಲ್ಲಿ! ಮುಂದೆ ಹೋಗ್ಬೇಡಿ!"

ಹಿಂದಿನಿಂದ ಓಡಿಬಂದವನು ಅವನೇ! ಮೈತುಂಬ ಧೂಳು, ಗಾಯವಿಲ್ಲ.

"ತಪ್ಪು ನಂದೇ..." ಅವಳು ಬಿಕ್ಕಿದಳು. "ನಿಮಗೆ ಬೇಜಾರಾಗುತ್ತೆ ಅಂತ ಅಂಕಿ..."

"ಒಂದು ವರ್ಷದಲ್ಲಿ ನೀವು ಒಮ್ಮೆಯೂ 'ಇರಬಹುದು' ಅಂದಿರ್ಲಿಲ್ಲ. ಯಾಕೋ ಅನುಮಾನ ಬಂತು. ಇಳಿಯೋ ಮುಂಚೆ ದಡದಿಂದಲೇ ಅಳೆದೆ. ಮೂವತ್ಮೂರೂವರೆ. ಫೋನು ಜೀಪಲ್ಲೇ ಉಳೀತು. ನಾನು ನಿಮ್ಮನ್ನ ಹಾಗೆ ಬಲವಂತ ಮಾಡ್ಬಾರ್ದಿತ್ತು."

"ನಿಮ್ಮ ತಂಗಿ?"

"ಅಮ್ಮ ಹೇಳಿದ್ಮೇಲೆ ದೋಣೀಲಿ ದಾಟಿಸಿದ್ವಿ. ಈ ಎಂಜಿನಿಯರ್ ತಲೆಗೆ ಸೇತುವೆ ಬಿಟ್ರೆ ಬೇರೇನೂ ಹೊಳೆಯಲ್ಲ ನೋಡಿ!"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ಇನ್ಮೇಲೆ ನಿಮಗೋಸ್ಕರ ಸುಳ್ಳು ಹೇಳಲ್ಲ."

"ಹಾಗಾದ್ರೆ ನಿಜ ಹೇಳಿ... ನನ್ನ ಕಂಡ್ರೆ ಇಷ್ಟನಾ?"

"ಇಷ್ಟ," ಎಂದಳು. "ತುಂಬಾ ದಿನದಿಂದ."

ಅವನು ಅವಳ ಕೈಯನ್ನು ಮೆಲ್ಲಗೆ ಹಿಡಿದುಕೊಂಡ. "ನಂಗೂ... ಬನ್ನಿ, ದೋಣಿ ಕಾಯ್ತಿದೆ. ತಂಗೀನ ನೋಡ್ಕೊಂಡು ಬರೋಣ. ಅಮ್ಮನೂ ಅಲ್ಲೇ ಇದ್ದಾಳೆ."

"ಈ ಅವತಾರದಲ್ಲಾ?!"

"ಚೆನ್ನಾಗೇ ಇದೆ, ಬನ್ನಿ."