ತಾನಾಗಿ ತೆರೆಯದ ಡಿಸ್ಕ್

ಶಿವಾನಿ ಬಂದಾಗ ಶಿವಸ್ವಾಮಿ ನಂಜನಗೂಡಿನ ಅಂಬುಜಮ್ಮನವರ ಜಗಲಿಯಲ್ಲಿ ಕೂತು ಪೇಪರಿನವರನ್ನು ಬೈಯುತ್ತಿದ್ದರು. ಹೆಡ್ ಕಾನ್‌ಸ್ಟೇಬಲ್ ಕೆಲಸದಿಂದ ನಿವೃತ್ತರಾದ ಮೇಲೆ ಅವರ ಬೈಗುಳಕ್ಕೆ ಸಿಗುತ್ತಿದ್ದುದು ಪೇಪರೊಂದೇ. ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತರಾಗಿದ್ದ ಅಂಬುಜಮ್ಮ ಅದನ್ನು ಕಿವಿಗೆ ಹಾಕಿಕೊಳ್ಳದೆ ಕಾಫಿ ಸೋಸುತ್ತಿದ್ದರು. ಊರಲ್ಲಿ ಏನಾದರೂ ಕಳುವಾಗಿ, ಸ್ಟೇಷನ್ ಮೆಟ್ಟಿಲು ಹತ್ತಲು ಹೆದರಿದವರು ಈ ಜಗಲಿ ಹತ್ತುವುದು ವಾಡಿಕೆಯಾಗಿತ್ತು.

ಶಿವಾನಿ ಕೂರಲಿಲ್ಲ. "ಮೇಡಂ, ಹಾಡೆಲ್ಲ ಹೋದ್ವು. ನಾನೇ ಅಳಿಸಿದೀನಿ ಅಂತವ್ರೆ," ಎಂದಳು.

ಅವಳು ತಿ. ನರಸೀಪುರದ ಒಂದು ಜನಪದ ಟ್ರಸ್ಟಿನಲ್ಲಿ ಕೆಲಸಕ್ಕಿದ್ದಳು. ಸುತ್ತಲಿನ ಹಳ್ಳಿಗಳಿಗೆ ಹೋಗಿ ಮುದುಕಿಯರ ಸೋಬಾನೆ, ಬೀಸುವ ಪದ ಎಲ್ಲ ರೆಕಾರ್ಡ್ ಮಾಡಿಕೊಂಡು ಬಂದು ಒಂದು ಹಾರ್ಡ್ ಡಿಸ್ಕಿಗೆ ತುಂಬಿಡುವುದು ಅವಳ ಕೆಲಸ. ಶುಕ್ರವಾರ ಬೆಳಿಗ್ಗೆ ನೋಡಿದರೆ ಡಿಸ್ಕು ಖಾಲಿ. ಎರಡನೇ ಡಿಸ್ಕೊಂದು ಕೊಡಿಸಿ, ನಕಲು ಇಡೋಣ ಎಂದು ಅವಳು ಗೋಗರೆದಿದ್ದಕ್ಕೆ, ಇರೋದನ್ನ ಜೋಪಾನವಾಗಿ ನೋಡ್ಕೋ ಸಾಕು ಎಂದು ಟ್ರಸ್ಟಿನವರು ಅಂದಿದ್ದರಂತೆ.

"ಕೆಲಸ ಹೋದ್ರೆ ಹೋಗ್ಲಿ ಮೇಡಂ. ಮೂಗೂರಿನ ಸಿದ್ದಲಿಂಗಮ್ಮಜ್ಜಿ ಕಿವಿಗೂ ಸುದ್ದಿ ಬಿದ್ದದೆ. ಎರಡು ವರ್ಷ ಅವರ ಮನೆ ಹಿಟ್ಟು ತಿಂದು ಹಾಡು ಹೇಳಿಸಿಕೊಂಡಿದೀನಿ. ಇನ್ನು ಯಾವ ಮುಖ ಇಟ್ಕೊಂಡು ಹೋಗ್ಲಿ ಅವರ ಹತ್ರ?"

ಅಂಬುಜಮ್ಮ ಕಾಫಿ ಲೋಟ ಅವಳ ಕೈಗಿಟ್ಟರು. ಆ ಟ್ರಸ್ಟಿನ ಲಿನಕ್ಸ್ ಕಂಪ್ಯೂಟರನ್ನು ಸಜ್ಜು ಮಾಡಿಕೊಟ್ಟವರು ಅವರೇ. ಬಾಗಿಲು ತೆರೆದು ಕಸ ಗುಡಿಸುವ ಮದನ್ ಅದಕ್ಕೆ ತನ್ನ ಪೆನ್‌ಡ್ರೈವ್ ಹಾಕಿ ಸಿನಿಮಾ ಹಾಡು ಕೇಳಲು ಹೋಗಿ ಏನೋ ಎಡವಟ್ಟು ಮಾಡಿದ್ದನೆಂದು, ಕಳೆದ ಸೋಮವಾರ ಅವರು ಹೋಗಿ ಒಂದು ಬದಲಾವಣೆ ಮಾಡಿ ಬಂದಿದ್ದರು. ಅಲ್ಲಿಯ ತನಕ ಯಾವ ಡಿಸ್ಕು ಚುಚ್ಚಿದರೂ ಅದು ತಾನಾಗಿ ತೆರೆದುಕೊಳ್ಳುತ್ತಿತ್ತು. ಈಗ ಹಾಗಿಲ್ಲ. ಚುಚ್ಚಿದ ಮೇಲೆ ಕಮಾಂಡ್ ಕೊಟ್ಟು, ಡಿಸ್ಕನ್ನು 'ಧ್ವನಿ' ಎಂಬ ಫೋಲ್ಡರಿನ ಮೇಲೆ ಕೈಯಾರೆ ಕೂರಿಸಬೇಕು. ಮೌಂಟ್ ಮಾಡುವುದು ಎನ್ನುತ್ತಾರಲ್ಲ, ಅದು.

"ಈ ಬದಲಾವಣೆ ಯಾರಿಗಾದ್ರೂ ಹೇಳಿದ್ಯೇನಮ್ಮ?"

"ಯಾರಿಗೂ ಇಲ್ಲ ಮೇಡಂ. ಮದನ್ ಆವತ್ತು ರಜಾ ಹಾಕಿದ್ದ. ಕಾರ್ಯದರ್ಶಿ ನರೇಂದ್ರ ಸರ್ ಮೈಸೂರಲ್ಲಿ ಸನ್ಮಾನ ಅಂತ ಹೋಗಿದ್ರು, ಬುಧವಾರ ಬಂದ್ರು. ನನಗೇ ಅಭ್ಯಾಸ ಇರ್ಲಿಲ್ಲ. ಸೋಮವಾರ ಸಂಜೆ ಅಜ್ಜಿಯ ಹಾಡು ತುಂಬಿದ್ದು ಮಂಗಳವಾರ ಡಿಸ್ಕಲ್ಲಿ ಇರ್ಲೇ ಇಲ್ಲ. ರೆಕಾರ್ಡರಿನಿಂದಲೂ ಅಳಿಸಿಬಿಟ್ಟಿದ್ದೆ. ಅತ್ತು ಸುಮ್ಮನಾದೆ."

ಅಂಬುಜಮ್ಮ ತಲೆಯೆತ್ತಿ ಅವಳನ್ನೇ ನೋಡಿದರು. "ಶಿವಸ್ವಾಮಿಯವರೇ, ಏಳಿ, ನರಸೀಪುರಕ್ಕೆ ಹೋಗೋಣ," ಎಂದರು.

ಟ್ರಸ್ಟಿನ ಆಫೀಸಿನಲ್ಲಿ ನರೇಂದ್ರ ಎದ್ದು ಬಂದು ಕೈಮುಗಿದ. ಜನಪದ ಹಾಡುಗಳ ಅವನ ಪುಸ್ತಕಕ್ಕೇ ಮೈಸೂರಿನಲ್ಲಿ ಸನ್ಮಾನವಾದದ್ದು. ಸಿದ್ದಲಿಂಗಮ್ಮನ ಹೊಸ್ತಿಲಲ್ಲಿ ಕೂತು ಒಂದೊಂದು ಹಾಡನ್ನೂ ತಾನೇ ರೆಕಾರ್ಡ್ ಮಾಡಿಕೊಂಡೆನೆಂದು ಮುನ್ನುಡಿಯಲ್ಲಿ ಬರೆದಿದ್ದ. ಅದನ್ನು ಮೆಚ್ಚಿದ ಮೈಸೂರಿನವರು ಮೂಲ ಧ್ವನಿಯನ್ನೂ ಕೇಳಿಸಿ ಎಂದು ಬೆನ್ನು ಬಿದ್ದಿದ್ದರಂತೆ.

"ಏನು ಕೇಳಿಸಲಿ ಮೇಡಂ, ನನ್ನ ಹೊಟ್ಟೆ ಉರಿಯತ್ತೆ," ಎಂದ ನರೇಂದ್ರ. "ನಾನಂತೂ ಆ ಡಿಸ್ಕ್ ಮುಟ್ಟಿದವನೇ ಅಲ್ಲ. ಆ ಕಂಪ್ಯೂಟರಿಗೆ ಚುಚ್ಚಿದ್ರೆ ಪರದೆ ಮೇಲೆ ಏನೂ ಬರೋದೇ ಇಲ್ಲ. ತೆರೆಯೋದು ಇವಳಿಗೆ ಮಾತ್ರ ಗೊತ್ತು. ಇನ್ಯಾರು ಅಳಿಸ್ತಾರೆ ಹೇಳಿ?"

ಮದನ್‌ನನ್ನು ಶಿವಸ್ವಾಮಿ ತಮ್ಮ ಹಳೇ ಸ್ಟೇಷನ್ ದನಿಯಲ್ಲಿ ವಿಚಾರಿಸಿಕೊಂಡರು. "ಡಿಸ್ಕ್ ಮಡಗೋ ಬೀರು ಕೀ ಗೋಡೆ ಮೊಳೇಲೇ ಇರ್ತದೆ ಸಾ, ಯಾರ್ ಬೇಕಾರೂ ತಗೋಬೌದು. ನಾನು ಬೈಸ್ಕೊಂಡ್ ಮೇಕೆ ಆ ರೂಮ್ ಕಡೆ ತಲೆನೂ ಆಕಿಲ್ಲ. ನನ್ ತಾವ ಇರೋದು ಈ ಗುಂಡಿ ಫೋನು," ಎಂದು ಅವನು ಜೇಬಿನಿಂದ ತೆಗೆದು ತೋರಿಸಿದ. ಶಿವಸ್ವಾಮಿಗೆ ನರೇಂದ್ರನಿಗಿಂತ ಅವನೇ ವಾಸಿ ಅನ್ನಿಸಿತು.

ಅಂಬುಜಮ್ಮ ಡಿಸ್ಕನ್ನು ಪರೀಕ್ಷಿಸಿ ಎದ್ದರು. ಟ್ರಸ್ಟಿನ ಅಧ್ಯಕ್ಷ, ಅಕ್ಕಿ ಗಿರಣಿಯ ಅಮೃತೇಶ್ ಅವರನ್ನು ಕರೆಸಿ ಎಂದರು.

ಮಧ್ಯಾಹ್ನ ಎಲ್ಲರೂ ಆ ಕೋಣೆಯಲ್ಲಿ ಸೇರಿದರು. ಅಂಬುಜಮ್ಮ ಪಾಠದ ದನಿಯಲ್ಲೇ ಶುರು ಮಾಡಿದರು.

"ಶಿವಾನಿ ಅಳಿಸಬೇಕು ಅಂದಿದ್ರೆ ಇಲ್ಲೇ ಒಂದು ಸಾಲಿನ ಕಮಾಂಡಲ್ಲಿ ಅಳಿಸ್ತಿದ್ದಳು. ಡಿಸ್ಕಿನ ಒಳಗೆ ಫೈಲು ಜೋಡಿಸಿಡೋ ಕಟ್ಟು ಹಾಗೇ ಉಳೀತಿತ್ತು. ಇದರಲ್ಲಿ ಹಳೇ ಕಟ್ಟೇ ಇಲ್ಲ. ವಿಂಡೋಸ್ ಕಂಪ್ಯೂಟರ್ ಹಾಕೋ ಹೊಸ ಕಟ್ಟಿದೆ. ಲಿನಕ್ಸ್ ಡಿಸ್ಕನ್ನ ಅದಕ್ಕೆ ಚುಚ್ಚಿದ್ರೆ ಓದಕ್ಕೆ ಬರಲ್ಲ, ಫಾರ್ಮ್ಯಾಟ್ ಮಾಡಲಾ ಅಂತ ಕೇಳತ್ತೆ. ಯಾರೋ ಹೂಂ ಅಂದಿದಾರೆ. ಅದೂ ಮತ್ತೆ ಏನೂ ಸಿಗದ ಹಾಗೆ, ಪೂರ್ತಿ ಒರೆಸೋ ಥರ. ಈ ಆಫೀಸಲ್ಲಿ ವಿಂಡೋಸ್ ಇರೋದು ಯಾರ ಹತ್ರ?"

ಮದನ್ ಮೆಲ್ಲಗೆ ನರೇಂದ್ರನ ಲ್ಯಾಪ್‌ಟಾಪ್ ಚೀಲದ ಕಡೆ ನೋಡಿದ.

"ಯಾರು ಬೇಕಾದ್ರೂ ಹೊರಗೆ ಒಯ್ದಿರಬಹುದಲ್ಲ," ಎಂದ ನರೇಂದ್ರ.

"ಒಯ್ದಿರಬಹುದು. ಆದ್ರೆ ಡಿಸ್ಕ್ ಚುಚ್ಚಿದ್ರೆ ಏನೂ ಬರಲ್ಲ ಅಂತ ಬೆಳಿಗ್ಗೆ ನೀವೇ ಹೇಳಿದಿರಿ. ಸೋಮವಾರದ ತನಕ ಅದು ತಾನಾಗಿ ತೆರೀತಿತ್ತು. ಬದಲಾಯಿಸಿದ್ದು ನಾನು. ಗೊತ್ತಿದ್ದದ್ದು ಶಿವಾನಿಗೆ, ಅವಳು ಯಾರಿಗೂ ಹೇಳಿಲ್ಲ. ಊರಲ್ಲೇ ಇಲ್ಲದ ನಿಮಗೆ ಹೇಗೆ ಗೊತ್ತಾಯ್ತು? ಚುಚ್ಚಿ, ತೆರೆಯತ್ತೆ ಅಂತ ಕಾದು ಕೂತವರಿಗೆ ಮಾತ್ರ ಗೊತ್ತಾಗೋ ಸಂಗತಿ ಅದು. ಇಲ್ಲಿ ತೆರೀಲಿಲ್ಲ ಅಂತ ನಿಮ್ಮ ಲ್ಯಾಪ್‌ಟಾಪಿಗೆ ಹಾಕಿದಿರಿ."

"ಅವನು ಯಾಕಮ್ಮ ತನ್ನ ಹಾಡು ತಾನೇ ಅಳಿಸ್ತಾನೆ?" ಎಂದರು ಅಮೃತೇಶ್.

ಅಂಬುಜಮ್ಮ ಡಿಸ್ಕನ್ನು ಫೋಲ್ಡರಿನ ಮೇಲಿನಿಂದ ಇಳಿಸಿದರು. "ಒಂದು ಹಾಡು ಇಲ್ಲಿ ಉಳಿದಿರಬೇಕು, ಅದನ್ನ ಕೇಳಿದ್ರೆ ತಿಳೀಬಹುದು. ನೆಲದ ಮೇಲೆ ಚಾಪೆ ಹಾಸಿದ್ರೆ ಕೆಳಗೆ ಬಿದ್ದಿರೋದು ಕಾಣತ್ಯೇ? ಸೋಮವಾರ ಶಿವಾನಿ ಡಿಸ್ಕ್ ಕೂರಿಸೋದು ಮರೆತು ಬರೀ ಫೋಲ್ಡರಿಗೇ ಹಾಡು ತುಂಬಿದ್ದಾಳೆ. ಮಾರನೇ ದಿನ ಡಿಸ್ಕ್ ಕೂರಿಸಿದಾಗ ಅದು ಅಡಿಯಲ್ಲಿ ಮುಚ್ಚಿಹೋಗಿದೆ. ನಾನೂ ಇನ್ನೂ ಕೇಳಿಲ್ಲ. ಆಮೇಲೆ ನಾನೇ ತಂದಿಟ್ಟೆ ಅನ್ನಬಾರದು ಅಂತ ನಿಮ್ಮೆದುರೇ ತೆಗೀತಿದೀನಿ."

ಫೋಲ್ಡರಿನಲ್ಲಿ ಒಂದೇ ಒಂದು ಫೈಲಿತ್ತು. ಮೊದಲು ಶಿವಾನಿಯ ದನಿ: ಅಜ್ಜಿ, ಈ ಪದ ಯಾರು ಕಲಿಸಿದ್ದು? ಆಮೇಲೆ ಒಡೆದ ದನಿ: "ನಮ್ಮತ್ತೆ ಕಣವ್ವ. ನೀನೊಬ್ಳೇಯ ಬಂದು ಕೇಳೋಳು. ಇನ್ಯಾವ ನರಮನ್ಸನೂ ಈ ಒಸ್ಲು ತುಳುದಿಲ್ಲ." ಅದರ ಹಿಂದೆಯೇ ಹಾಡು ಬಂತು. ಶಿವಾನಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಅವಳ ದನಿ ಇರೋದನ್ನಷ್ಟೇ ತೆಗೀಬೇಕು ಅಂತಿದ್ದೆ. ತೆರೀಲಿಲ್ಲ. ಎಲ್ಲಾ ಹೋದ್ರೆ ಹೋಗಲಿ ಅಂತ ಒತ್ತಿಬಿಟ್ಟೆ," ಎಂದ ನರೇಂದ್ರ.

ಶಿವಸ್ವಾಮಿಗೆ ಕೈ ತುರಿಸಿತು. ಆದರೆ ಮೊದಲು ಮಾತಾಡಿದವರು ಅಮೃತೇಶ್. "ಆದದ್ದಾಯ್ತು. ಈ ವಿಷ್ಯ ಈ ಕೋಣೆ ದಾಟಬಾರ್ದು. ಸಂಸ್ಥೆ ಮರ್ಯಾದೆ ಪ್ರಶ್ನೆ. ಡಿಸ್ಕು ತಾನಾಗೇ ಕೆಡ್ತು ಅನ್ನೋಣ. ಶಿವಾನಿ, ನಿನ್ನ ಕೆಲಸ ಎಲ್ಲೂ ಹೋಗಲ್ಲ ಕಣಮ್ಮ."

"ಕೆಲಸ ಬೇಡ ಸರ್. ಆ ಒಂದು ಹಾಡು ಕೊಡಿ. ಅಜ್ಜಿಗೆ ಕೇಳಿಸಿ, ನಾನು ಅಳಿಸಿಲ್ಲ ಅಂತೀನಿ."

"ಅದು ಟ್ರಸ್ಟಿನ ಆಸ್ತಿ," ಎಂದು ಅಮೃತೇಶ್ ಎಲ್ಲರನ್ನೂ ಹೊರಗೆ ಕಳಿಸಿ ಕೋಣೆಗೆ ಬೀಗ ಹಾಕಿದರು. ಕೀಲಿ ಮೊಳೆಗೆ ಹೋಗದೆ ಅವರ ಜೇಬಿಗೆ ಹೋಯಿತು.

"ಮೊದ್ಲೇ ಒಂದು ನಕಲು ಹೊಡ್ಕೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮೇಡಂ?" ಎಂದು ಶಿವಸ್ವಾಮಿ ಬೀದಿಯಲ್ಲೇ ರೇಗಿದರು.

"ನಾಲ್ಕು ಜನರ ಮುಂದೆ ಸಾಬೀತಾದ್ರೆ ಸಾಕು ಅಂದುಕೊಂಡೆ," ಎಂದರು ಅಂಬುಜಮ್ಮ. ಅಷ್ಟು ಸೋತ ದನಿಯನ್ನು ಶಿವಸ್ವಾಮಿ ಅವರಲ್ಲಿ ಕೇಳಿರಲಿಲ್ಲ. ರೇಗಬಾರದಿತ್ತು ಎಂದು ನಾಲಿಗೆ ಕಚ್ಚಿಕೊಂಡರು.

ಮೂವರೂ ಮೂಗೂರಿಗೆ ಹೋದರು. ಸಿದ್ದಲಿಂಗಮ್ಮ ಜಗಲಿಯಲ್ಲಿ ಕೂತಿದ್ದಳು. ಹೆಗಲ ಮೇಲೆ ಹೊಸ ಶಾಲು, ತೊಡೆಯ ಮೇಲೆ ನರೇಂದ್ರನ ಪುಸ್ತಕ. ಮುಖಪುಟದಲ್ಲಿ ಅವಳದೇ ಚಿತ್ರ. ಹಿಂದಿನ ದಿನ ಶನಿವಾರ ಅವನೇ ಮೊದಲ ಸಲ ಬಂದು ಕೊಟ್ಟು ಹೋಗಿದ್ದನಂತೆ.

"ಅಜ್ಜಿ, ನಾನಲ್ಲ," ಎಂದಳು ಶಿವಾನಿ.

ಮುದುಕಿ ಅವಳ ಕಡೆ ನೋಡಲಿಲ್ಲ. ಶಿವಸ್ವಾಮಿಗೆ ತಡೆಯಲಾಗಲಿಲ್ಲ. "ಅಳಿಸಿದ್ದು ಆ ನರೇಂದ್ರ ಕಣಮ್ಮ. ನಮ್ಮೆದುರೇ ಒಪ್ಕೊಂಡ. ನಾನು ಪೊಲೀಸ್ನೋನು, ನಾನ್ ಹೇಳ್ತಿದೀನಿ."

"ಆವಯ್ಯ ನನ್ ಚಿತ್ರ ಅಚ್ಚಾಕ್ಸವ್ನೆ ಕನಪ್ಪ," ಎಂದಳು ಸಿದ್ದಲಿಂಗಮ್ಮ, ಪುಸ್ತಕದ ಮೇಲೆ ಕೈಯಾಡಿಸುತ್ತ. "ಅಳ್ಸೋನು ಯಾಕೆ ಅಚ್ಚಾಕ್ಸಾನು? ಇವ್ಳು ಎಲ್ಡ್ ವರ್ಸ ಬಂದ್ಲು, ಉಂಡ್ಲು, ಏಳುಸ್ಕೊಂಡ್ಲು. ಒಂದ್ ಪದ್ವಾದ್ರೂ ತಂದು ನನ್ ಕಿವೀಗೆ ಆಕವ್ಳಾ? ಇದ್ರೆ ಈಗ ಕೇಳ್ಸು ಅನ್ನು."

ಶಿವಾನಿಯ ಕೈಯಲ್ಲಿ ಏನೂ ಇರಲಿಲ್ಲ.

"ಓಗವ್ವ," ಎಂದಳು ಸಿದ್ದಲಿಂಗಮ್ಮ. "ನಿನ್ನ ಮಗ್ಳು ಅನ್ಕೊಂಡಿದ್ದೆ." ಗೋಡೆ ಹಿಡಿದು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.