ಮುಂದಿನ ಸಂಬಂಧಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದವನು ಮೊದಲು ಮೇಜು ಗುದ್ದಿದ, ಆಮೇಲೆ ಕುರ್ಚಿ ಕೇಳಿದ.

"ನನಗೆ ಟೋಪಿ ಹಾಕಿದಾಳೆ ಸಾರ್. ಯಾವಳೋ ಹೆಂಗಸು. ಮೂರು ಲಕ್ಷ ನುಂಗಿ ನೀರು ಕುಡಿದಳು!"

ಹೆಡ್ ಕಾನ್‌ಸ್ಟೆಬಲ್ ಅವನ ಫೋನು ಇಸಿದುಕೊಂಡು ಮೇಲ್ ಅನ್ನು ಗಟ್ಟಿಯಾಗಿ ಓದಿದ: "ಆತ್ಮೀಯ ಒಬ್ಬರೇ, ನನ್ನ ಗಂಡ ಪರದೇಶದಲ್ಲಿ ಸತ್ತು ನಲವತ್ತು ಕೋಟಿ ಬಿಟ್ಟಿದ್ದಾರೆ. ನೀವು ಅವರ ಮುಂದಿನ ಸಂಬಂಧಿಯಾಗಿ ನಿಂತರೆ ಅರ್ಧ ನಿಮ್ಮದು. ಶುಲ್ಕ ಮಾತ್ರ ಮೊದಲು."

"ಮುಂದಿನ ಸಂಬಂಧಿ ಅಂದ್ರೆ?" ಇನ್ಸ್‌ಪೆಕ್ಟರ್ ಕೇಳಿದರು.

"'ನೆಕ್ಸ್ಟ್ ಆಫ್ ಕಿನ್', ವಾರಸುದಾರ ಅಂತಿರಬೇಕು ಸಾರ್," ಎಂದ ಹೆಡ್ ಕಾನ್‌ಸ್ಟೆಬಲ್. " ಇಂಗ್ಲಿಷನ್ನ ಯಂತ್ರಕ್ಕೆ ಹಾಕಿ ರುಬ್ಬಿದಾರೆ."

"ಈ ಹಾಳು ಮೇಲ್ ಇಪ್ಪತ್ತು ವರ್ಷದಿಂದ ಬರ್ತಾನೇ ಇದೆ. ನಮ್ಮ ಮಾವನಿಗೂ ವಾರಕ್ಕೊಂದು. ನೀವು ನಂಬಿಬಿಟ್ರಾ?"

"ಆಸೆ ಆಯ್ತು ಸಾರ್."

ಹಣ ಕಟ್ಟಿದ ಮೇಲೆ ಅವನಿಗೆ ಬಂದ ಕೊನೆಯ ಮೇಲ್ ಚಿಕ್ಕದು: 'ಬಕರಾ ಆದೆಯಲ್ಲ. ಧೈರ್ಯವಿದ್ದರೆ ಪೊಲೀಸರಿಗೆ ಹೇಳು.' ಹಣ ಸೇರಿದ ಬ್ಯಾಂಕು ಇದೇ ಠಾಣೆಯ ವ್ಯಾಪ್ತಿಯಲ್ಲಿತ್ತು, ಸಿಟ್ಟಿನ ಭರದಲ್ಲಿ ನೆಟ್ಟಗೆ ಇಲ್ಲಿಗೇ ಬಂದಿದ್ದ. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಬ್ಯಾಂಕಿನವರು ಖಾತೆದಾರಳ ವಿವರ ಕೊಟ್ಟರು. ನಿಜವಾದ ಫೋಟೊ, ನಿಜವಾದ ವಿಳಾಸ. ಠಾಣೆಯ ಹಿಂದಿನ ರಸ್ತೆಯ ಡ್ರೈ ಕ್ಲೀನಿಂಗ್ ಅಂಗಡಿ! ಮೋಸಗಾರರು ಇಷ್ಟು ಪ್ರಾಮಾಣಿಕರಾಗಿರುವುದಿಲ್ಲ, ಇನ್ಸ್‌ಪೆಕ್ಟರಿಗೆ ಇದು ಸರಿಬರಲಿಲ್ಲ. ದೂರುದಾರನನ್ನು ಠಾಣೆಯಲ್ಲೇ ಕೂರಿಸಿ, ಮಹಿಳಾ ಕಾನ್‌ಸ್ಟೆಬಲ್ ಜೊತೆ ಹೊರಟರು.

ಅಂಗಡಿಯಲ್ಲಿ ಇಸ್ತ್ರಿಯ ಹಬೆ ತುಂಬಿತ್ತು. ಐವತ್ತರ ಆಸುಪಾಸಿನ ಹೆಂಗಸು ಕೋಟಿನ ತೋಳಿಗೆ ಇಸ್ತ್ರಿ ಹಾಕುತ್ತಿದ್ದಳು. ಪಕ್ಕದ ಇನ್ನೊಂದು ಇಸ್ತ್ರಿ ಮೇಜು ಖಾಲಿಯಿತ್ತು.

"ಆ ಮೇಲ್ ಕಳಿಸಿದ್ದು ನೀವೇನಾ?"

"ನಾನೇ. ದುಡ್ಡು ಖಾತೆಯಲ್ಲೇ ಇದೆ, ಮುಟ್ಟಿಲ್ಲ. ಅವನ ಫೋನು ನಿಮ್ಮ ಹತ್ರ ಇದ್ಯಾ?"

"ಇದೆ."

"ಅವನು ಬೇರೆಯವರಿಗೆ ಕಳಿಸಿದ್ದನ್ನ ತೆಗೆದು ನೋಡಿ ಸಾರ್. ನಾನು ಕಳಿಸಿದ ಕಾಗದ ಅವಂದೇ. ಒಂದಕ್ಷರ ತಿದ್ದದೆ ಅವನ ವಿಳಾಸಕ್ಕೇ ವಾಪಸ್ ಕಳಿಸಿದೆ."

ಇನ್ಸ್‌ಪೆಕ್ಟರ್ ಠಾಣೆಗೆ ಫೋನ್ ಮಾಡಿದರು. ಹೆಡ್ ಕಾನ್‌ಸ್ಟೆಬಲ್ ಹುಡುಕಿದ. ಅದೇ ಆತ್ಮೀಯ ಒಬ್ಬರೇ, ಅದೇ ಮುಂದಿನ ಸಂಬಂಧಿ, ನೂರಾರು ಜನರಿಗೆ ಹೋಗಿತ್ತು. ಬೆಂಚಿನಿಂದ ಮೆಲ್ಲಗೆ ಏಳುತ್ತಿದ್ದ ದೂರುದಾರನ ಹೆಗಲ ಮೇಲೆ ಅವನ ಕೈ ಬಿತ್ತು. ಪಂಚನಾಮೆ ಮಾಡಿ ಫೋನನ್ನು ಜಪ್ತಿ ಮಾಡಲಾಯಿತು.

"ನಿನ್ನ ಕಾಗದ ನಿನಗೇ ಗುರುತು ಸಿಗಲಿಲ್ವೇನೋ?" ಹೆಡ್ ಕಾನ್‌ಸ್ಟೆಬಲ್ ಕೇಳಿದ.

"ಯಾರೋ ಬರೆದುಕೊಟ್ಟಿದ್ದು ಸಾರ್. ನಾನು ಕಳಿಸ್ತಿದ್ದೆ ಅಷ್ಟೇ, ಯಾವತ್ತೂ ಓದಿಲ್ಲ."

ಓದಿದವರು ಓದಿ ಓದಿ ಸತ್ತರು. ಈ ನೀಚ ಒಮ್ಮೆಯೂ ಓದಿರಲಿಲ್ಲ!

ಅಂಗಡಿಯಲ್ಲಿ ಆ ಹೆಂಗಸು ಇಸ್ತ್ರಿಪೆಟ್ಟಿಗೆ ಆರಿಸಿದಳು.

"ನಮ್ಮಕ್ಕ ಹೃದಯದ ಆಪರೇಷನ್‌ಗೆ ಇಟ್ಟಿದ್ದನ್ನೆಲ್ಲ ಇವನಿಗೆ ಕಳಿಸಿದ್ಲು. ಕೋಟಿ ಬರುತ್ತೆ, ಆಮೇಲೆ ದೊಡ್ಡಾಸ್ಪತ್ರೆಗೇ ಹೋಗೋಣ ಅಂತಿದ್ಲು. ಪ್ರಾಣ ಹೋಗೋವಾಗ್ಲೂ 'ಮೇಲ್ ಬಂತೇನೆ?' ಅಂತ ಕೇಳಿದ್ಲು ಸಾರ್. ನಿಮ್ಮ ಠಾಣೆಗೆ ಬಂದೆ. ಆರೋಪಿ ಯಾರು, ಎಲ್ಲಿದಾನೆ, ಕರ್ಕೊಂಡು ಬಾ ನೋಡೋಣ ಅಂತ ನಕ್ಕರು." ಅವಳು ಕೋಟನ್ನು ಹ್ಯಾಂಗರಿಗೆ ಹಾಕಿದಳು. "ಕರ್ಕೊಂಡು ಬಂದೆ."

ಇನ್ಸ್‌ಪೆಕ್ಟರಿಗೆ ತಲೆ ಎತ್ತಲಾಗಲಿಲ್ಲ. "ಕಾನೂನು ಪ್ರಕಾರ ನಿಮ್ಮನ್ನೂ ಬಂಧಿಸ್ಬೇಕಮ್ಮ."

"ಗೊತ್ತು. ಅವನ ಮುಖ ನೋಡೋಕೆ ಬಿಡ್ತೀರಿ ತಾನೆ?"

ಸಂಜೆ ಲಾಕಪ್ಪಿನ ಸರಳುಗಳ ಹಿಂದೆ ಅವನು ಕೂತಿದ್ದ. ಅವನು ತಲೆ ತಗ್ಗಿಸುವವರೆಗೂ ಅವಳು ದುರುಗುಟ್ಟಿಕೊಂಡು ನಿಂತಳು. ಆ ಉರಿಗಣ್ಣಿನಲ್ಲಿ ಹನಿ ನೀರಿರಲಿಲ್ಲ. ಅಂದು ಅವಳನ್ನು ನಕ್ಕು ಕಳಿಸಿದ್ದ ರೈಟರೇ ಈಗ ಅವಳ ದೂರು ಬರೆದುಕೊಳ್ಳಬೇಕಾಯಿತು.

"ಮೃತರಿಗೆ ನೀವೇನಾಗಬೇಕು?"

ಲಾಕಪ್ಪಿಗೆ ಕೇಳುವಂತೆ ಅವಳು ಹೇಳಿದಳು: "ಮುಂದಿನ ಸಂಬಂಧಿ."

ರೈಟರ್ ಇನ್ಸ್‌ಪೆಕ್ಟರ್ ಮುಖ ನೋಡಿದ.

"ಹಾಗೇ ಬರ್ಕೊಳ್ರೀ," ಎಂದರು ಇನ್ಸ್‌ಪೆಕ್ಟರ್.