ಇಗ್ನೈಟರ್ ಸ್ವಲ್ಪ ವೀಕ್ ಇದೆ

ಮೆಕ್ಯಾನಿಕ್ ಮೂರನೇ ಸಲ ಬಂದಾಗ ಸ್ಟೌವ್ ಕೆಟ್ಟಿರಲಿಲ್ಲ. ಅದು ನನಗೆ ಮಾತ್ರ ಗೊತ್ತಿತ್ತು.

ಮೊದಲಿನಿಂದ ಬರೆಯುತ್ತೇನೆ. ಅಜ್ಜಿಯ ಕೋಣೆಯನ್ನು ಬೆಚ್ಚಗಿಡಲು ಒಂದು ಪೆಲೆಟ್ ಸ್ಟೌವ್ ಇದೆ. ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳು ಕಬ್ಬಿಣದ ಬಟ್ಟಲಿಗೆ ಬೀಳುತ್ತವೆ. ಇಗ್ನೈಟರ್ ಕೆಂಪಗೆ ಕಾದು ಅವಕ್ಕೆ ಬೆಂಕಿ ಹಚ್ಚುತ್ತದೆ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ ಮೇಲೆ ಬೂದಿ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಮರುವಾರವೇ ಸ್ಟೌವ್ ಮುನಿಸಿಕೊಂಡಿತು. ಫ್ಯಾನ್ ಓಡುತ್ತದೆ, ಗುಳಿಗೆ ಬೀಳುತ್ತದೆ, ಬೆಂಕಿ ಮಾತ್ರ ಇಲ್ಲ.

ಮೆಕ್ಯಾನಿಕ್ ಬಂದ ಮೊದಲ ದಿನ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು.

“ನಮ್ಮ ಗ್ರ್ಯಾಜುಯೇಟ್ ಹುಡುಗಿಯ ಕೈಗುಣ ನೋಡಿ. ಮುಟ್ಟಿದ್ದೆಲ್ಲ ತಣ್ಣಗಾಗುತ್ತೆ,” ಎಂದರು.

ಆತ ಟಾರ್ಚ್ ಹಿಡಿದು ಒಳಗೆ ಇಣುಕಿದ. ಆಮೇಲೆ ನನ್ನ ಕಡೆ ನೋಡಿದ. ಮಸಿ ಮೆತ್ತಿದ ಮುಖದಲ್ಲಿ ಕಣ್ಣುಗಳು ಮಾತ್ರ ಈಗಷ್ಟೇ ತೊಳೆದಿಟ್ಟ ಹಾಗಿದ್ದವು.

“ಇವರ ತಪ್ಪೇನಿಲ್ಲ. ಇಗ್ನೈಟರ್ ಸ್ವಲ್ಪ ವೀಕ್ ಇದೆ.”

ಒಳಗೆ ಕೈ ಹಾಕಿ ಏನೋ ಮಾಡಿದ. ಹತ್ತು ನಿಮಿಷದಲ್ಲಿ ಬೆಂಕಿ ಎದ್ದಿತು.

“ಹೀಗೆ ಎಷ್ಟು ದಿನ ಬರುತ್ತೆ?” ಎಂದು ಕೇಳಿದೆ. ಅಷ್ಟೇ ನನಗೆ ದೊಡ್ಡ ಮಾತು.

“ನೀವು ಫೋನ್ ಮಾಡೋವರೆಗೂ.”

ಐದು ದಿನ ಬಂತು. ಮತ್ತೆ ಬೂದಿ ತೆಗೆದೆ, ಮತ್ತೆ ಹೊತ್ತಲಿಲ್ಲ. ಎರಡನೇ ಸಲ ಅತ್ತಿಗೆ ಆಫೀಸಿಗೆ ಹೋಗಿದ್ದರು. ಆತ ಸ್ಟೌವ್ ಹೊತ್ತಿಸಿ, ಅವಸರವಿಲ್ಲದೆ ಟೀ ಕುಡಿದ. ಏನು ಓದಿದ್ದೀರಿ ಎಂದು ಕೇಳಿದ. ಗಿಡಮರಗಳ ಬಗ್ಗೆ, ಎಂದೆ.

“ಹಾಗಾದರೆ ಈ ಗುಳಿಗೆ ಯಾವ ಮರದ್ದು ಹೇಳಿ ನೋಡೋಣ.”

ಮೂಸಿ ನೋಡಿ ಪೈನ್ ಎಂದೆ. ಆತ ಚೀಲದ ಮೇಲಿನ ಅಕ್ಷರ ಓದಿ, ಸೋತವನಂತೆ ತಲೆದೂಗಿದ. ಅಂದಿನ ಡೈರಿ ಎರಡು ಪುಟ ಆಯಿತು. ಅದರಲ್ಲಿ ಸ್ಟೌವ್ ಬಗ್ಗೆ ಒಂದೇ ಸಾಲು.

ಅಂದು ಸಂಜೆ ಅಣ್ಣ ಹೇಳಿದ: “ಇದು ಇನ್ನೊಂದು ಸಲ ಕೈಕೊಟ್ಟರೆ ಅಜ್ಜಿಯನ್ನ ದೊಡ್ಡಪ್ಪನ ಮನೆಗೆ ಕಳಿಸಿಬಿಡೋಣ. ಅಲ್ಲಾದರೂ ಬೆಚ್ಚಗಿರ್ತಾರೆ.”

ಅಜ್ಜಿ ಎರಡು ಶಾಲು ಹೊದ್ದು, ಕೇಳಿಸದವರಂತೆ ಕೂತಿದ್ದರು. ಈ ಮನೆಯಲ್ಲಿ ನಾನು ಬಾಯಿಬಿಟ್ಟು ಮಾತಾಡುವುದು ಅವರೊಬ್ಬರ ಜೊತೆ. ಎದ್ದುಹೋಗಿ ಸ್ಟೌವಿನ ಮ್ಯಾನುಯಲ್ ಹುಡುಕಿದೆ.

ಹದಿನಾಲ್ಕನೇ ಪುಟದಲ್ಲಿ ಚಿತ್ರವಿತ್ತು. ಬಟ್ಟಲಿನ ದೊಡ್ಡ ತೂತು ಇಗ್ನೈಟರ್ ಕಡೆಗಿರಬೇಕು. ನಾನು ಪ್ರತಿ ಸಲ ಅದನ್ನು ಹೊರತೆಗೆದು ಉಜ್ಜಿ, ಫಳಫಳ ಮಾಡಿ, ಹಿಂದುಮುಂದಾಗಿ ಇಡುತ್ತಿದ್ದೆ. ಆತ ಸದ್ದಿಲ್ಲದೆ ತಿರುಗಿಸಿಡುತ್ತಿದ್ದ. ಇಗ್ನೈಟರಿಗೆ ಏನೂ ಆಗಿರಲಿಲ್ಲ.

ಮರುದಿನ ಬೂದಿ ತೆಗೆದು, ಬಟ್ಟಲನ್ನು ಸರಿಯಾಗಿ ಇಟ್ಟು ಫೋನ್ ಮಾಡಿದೆ.

ಆತ ಬಂದು ಸ್ವಿಚ್ ಒತ್ತಿದ. ಸ್ಟೌವ್ ಹೊತ್ತಿತು.

“ಏನೂ ಆಗಿಲ್ವಲ್ಲ ಇದಕ್ಕೆ.”

“ಹಿಂದಿನ ಎರಡು ಸಲ ಏನಾಗಿತ್ತು?”

ಆತನ ಕಿವಿ ಕೆಂಪಾಯಿತು. “ಬಟ್ಟಲು ಉಲ್ಟಾ ಇತ್ತು.”

“ಯಾಕೆ ಹೇಳಲಿಲ್ಲ?”

“ನಿಮ್ಮ ಅತ್ತಿಗೆ ಅಲ್ಲೇ ನಿಂತಿದ್ದರಲ್ಲ. ಅವರ ಮುಂದೆ ಹೇಗೆ ಹೇಳೋದು?”

“ಎರಡನೇ ಸಲ ಅವರಿರಲಿಲ್ಲ.”

ಕೈಲಿದ್ದ ಸ್ಕ್ರೂಡ್ರೈವರನ್ನು ಒರೆಸಿದ್ದೇ ಒರೆಸಿದ. “ಹೇಳಿದ್ದರೆ ನೀವು ಮತ್ತೆ ಕರೀತಿರಲಿಲ್ಲ. ನಿಮ್ಮನ್ನ ನೋಡಬೇಕು ಅನ್ನಿಸ್ತಿತ್ತು. ಬೇರೆ ನೆಪ ಹೊಳೀಲಿಲ್ಲ.”

ಇಂಥ ಮಾತು ಕೇಳಿದರೆ ಎದೆ ಹಾರುತ್ತದೆ ಎಂದುಕೊಂಡಿದ್ದೆ. ಹಾರಿತು ಕೂಡ. ಬಾಯಿಗೆ ಬಂದದ್ದು ಬೇರೆ.

“ನಿಮ್ಮ ನೆಪಕ್ಕೆ ಅಜ್ಜಿ ಚಳಿಯಲ್ಲಿ ನಡುಗಿದ್ದಾರೆ. ಅವರನ್ನ ಬೇರೆ ಮನೆಗೆ ಕಳಿಸೋ ಮಾತೂ ಆಯ್ತು. ಬಟ್ಟಲು ಉಲ್ಟಾ ಇಟ್ಟವಳು ನಾನು ಅಂತ ಅಣ್ಣನಿಗೆ ನಾನು ಹೇಳ್ತೀನಿ. ಅಜ್ಜಿಗೆ ನೀವು ಹೇಳಿ.”

ಆತ ಸ್ಕ್ರೂಡ್ರೈವರ್ ಕೆಳಗಿಟ್ಟು ಹಜಾರಕ್ಕೆ ಬಂದ. ಅಜ್ಜಿ ಕಿಟಕಿಯ ಬಿಸಿಲಿಗೆ ಕೂತಿದ್ದರು. ಅವರ ಮುಂದೆ ನೆಲದ ಮೇಲೆ ಕುಳಿತು ಎಲ್ಲ ಹೇಳಿದ. ನನ್ನನ್ನು ನೋಡಬೇಕೆನಿಸಿದ್ದನ್ನೂ ಬಿಡಲಿಲ್ಲ. ನಾನು ಗೋಡೆ ನೋಡುತ್ತ ನಿಂತಿದ್ದೆ.

ಅಜ್ಜಿ ಶಾಲು ಸರಿಪಡಿಸಿಕೊಂಡರು.

“ಅಲ್ಲಪ್ಪ, ಒಲೆ ಕೆಟ್ಟಾಗ ಬಂದರೆ ನಿನ್ನ ಮುಖವೆಲ್ಲ ಅದರೊಳಗೇ ಇರುತ್ತೆ. ಇವಳು ನಿನ್ನ ಬೆನ್ನು ನೋಡಿಕೊಂಡಿರಬೇಕಾ? ಉರಿಯೋವಾಗ ಬಾ.”

ಆತ ನನ್ನ ಕಡೆ ತಿರುಗಿದ. “ಬರಲಾ?”

“ಭಾನುವಾರ,” ಎಂದೆ. “ಟೂಲ್ ಬಾಕ್ಸ್ ತರಬೇಡಿ.”